ಬಿಸ್ಕೆಟ್ಟನ್ನು ಕಳ್ಳರಿಂದ ಕಾಪಾಡಿದ್ದು

ಮನೆ ಕಾಯಲೆಂದು ನಾಯಿ ಸಾಕುವುದೋ, ಸಾಕಿದ ನಾಯಿಯನ್ನು ಕಾಯಲೆಂದು ಮನೆ ಮಾಡುವುದೋ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಬಗೆಹರಿಯದ ವಿಷಯಗಳು ನನ್ನ ಬಾಳಿನಲ್ಲಿ ಬೇಕಾದಷ್ಟಿವೆ, ನಿಜ. ವರ್ಷದಲ್ಲಿ ಒಂಬತ್ತು ತಿಂಗಳು ಮಳೆ ಜಿನುಗುವ ಈ ಊರಿನಲ್ಲಿ ಯಾರೂ ಛತ್ರಿ ಹಿಡಿಯುವುದಿಲ್ಲ ಏಕೆ, ಮೂರು ಜನರಿರುವ ಮನೆಗೆ ಮೂರು ಬಚ್ಚಲು ಏಕೆ, ಹೀಗೆ. ಆದರೆ ಅವು ಯಾವುವೂ ನನ್ನ ಮಾನ ಕಳೆದಿಲ್ಲ. ಈ ನಾಯಿಯ ವಿಷಯ ಕಳೆಯಿತು. ಅದೂ ಯಾರ ಮುಂದೆ ಎಂದರೆ, ಮೈಸೂರಿನಿಂದ ಬಂದಿದ್ದ ಅತ್ತೆಯವರ ಮುಂದೆ.

ನಾವು ಈ ಪರದೇಶದ ಊರಾದ ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ಮನೆ ಕೊಂಡ ವರ್ಷವೇ ನಮ್ಮ ಬೀದಿಯ ಎರಡು ಮನೆಗಳಿಗೆ ಹಾಡಹಗಲೇ ಕಳ್ಳರು ನುಗ್ಗಿದ್ದರು. ಹಗಲು ಹೊತ್ತು ನಮ್ಮ ಮನೆಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಗಂಡ ಶ್ರೀಕಂಠ ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಅದಿತಿಗೆ ನಾಲ್ಕನೇ ಕ್ಲಾಸು. ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು; ಹೀಗಾಗಿ ಎಲ್ಲಿ ನೋಡಿದರೂ ನನಗೆ ಕೆಡುವ ಲಕ್ಷಣವೇ ಕಾಣುವುದು. "ಒಂದು ನಾಯಿ ತರೋಣ, ಬೊಗಳಿದ್ರೆ ಸಾಕು, ಕಳ್ಳ ಹತ್ರ ಬರಲ್ಲ" ಎಂದೆ. ಅದಿತಿ ಎರಡು ವರ್ಷದಿಂದ ಇದೇ ಮಾತಿಗೆ ಕಾದಿದ್ದಳು. ಬೀದಿಪಾಲಾದ ನಾಯಿಗಳನ್ನು ಇಟ್ಟುಕೊಂಡು ಸಾಕುವವರಿಗೆ ಕೊಡುವ ಒಂದು ಜಾಗಕ್ಕೆ ಹೋದೆವು. ನನ್ನ ಮದುವೆಗೆ ಮುಂಚೆ ನಮ್ಮಪ್ಪ ಹುಡುಗನ ಮನೆಯವರನ್ನು ಕೇಳಿದ್ದಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಅವರು ನಮ್ಮನ್ನು ಕೇಳಿ, ಕೊನೆಗೂ ಒಂದು ಕಂದು ಬಣ್ಣದ, ಜೋಲುಕಿವಿಯ ನಾಯಿಯನ್ನು ಧಾರೆ ಎರೆದುಕೊಟ್ಟರು. ಮಗಳು ಅದಕ್ಕೆ ಬಿಸ್ಕೆಟ್ ಎಂದು ಹೆಸರಿಟ್ಟಳು. ಮೊದಲ ತಿಂಗಳು ಅದು ಬೊಗಳಿದ್ದು ಒಟ್ಟು ಎರಡು ಸಲ, ಎರಡೂ ಸಲ ಕುಕ್ಕರ್ ಕೂಗಿದ್ದಕ್ಕೆ.

ಪಕ್ಕದ ಮನೆಯ ಕ್ಯಾರಲ್‌ಗೆ ಮೂರು ನಾಯಿಗಳು. ಮೇಷ್ಟರ ಕೆಲಸದಿಂದ ನಿವೃತ್ತಿಯಾದಾಕೆ. ಎದುರಿಗೆ ಸಿಕ್ಕಿದವರಿಗೆಲ್ಲ ಪಾಠ ಹೇಳುವ ಚಟ ಮಾತ್ರ ನಿವೃತ್ತಿಯಾಗಿಲ್ಲ. ನಮ್ಮ ನಾಯಿಯನ್ನು ನೋಡಿ ಖುಷಿಪಟ್ಟು, ಕಳ್ಳ ಬಂದರೆ ಇದನ್ನು ಕಾಪಾಡುವುದಕ್ಕೆ ಏನು ಯೋಜನೆ ಮಾಡಿಕೊಂಡಿದ್ದೀರಿ ಎಂದು ಕೇಳಿದಳು. ಕಳ್ಳನಿಂದ ನಮ್ಮನ್ನು ಕಾಪಾಡಲೆಂದೇ ಇದನ್ನು ತಂದಿದ್ದು ಎಂದೆ. ಆಕೆ ನನ್ನನ್ನು ಮಗ್ಗಿ ತಪ್ಪಿದ ಹುಡುಗಿಯ ಹಾಗೆ ನೋಡಿದಳು. ಬೊಗಳಿದರೆ ಕಳ್ಳರು ನಾಯಿಗೆ ಹೊಡೆಯುತ್ತಾರಂತೆ. ಬೊಗಳದಿದ್ದರೆ ಬಾಗಿಲು ತೆರೆದಿಟ್ಟು ಹೋಗುತ್ತಾರಂತೆ, ನಾಯಿ ಹೊರಗೆ ಓಡಿ ಕಾರಿನ ಚಕ್ರಕ್ಕೆ ಸಿಗುತ್ತದಂತೆ. ಆದ್ದರಿಂದ ಮನೆಯೊಳಗೆ ಅದಕ್ಕೊಂದು ಭದ್ರವಾದ ಜಾಗ ಮಾಡಿ, ಸದ್ದಾದ ಕೂಡಲೇ ಅಲ್ಲಿಗೆ ಓಡಿಹೋಗುವಂತೆ ಕಲಿಸಬೇಕಂತೆ. ನಾನು ತಲೆ ತುಂಬಾ ಗೊಂದಲ ತುಂಬಿಕೊಂಡು ಮನೆಗೆ ಬಂದೆ. ಬೇಲಿಗೇ ಬೇಲಿ ಹಾಕುವ ಕಾಲ ಬಂತಲ್ಲಪ್ಪಾ ಎನಿಸಿತು. ಆದರೆ ಅಷ್ಟರಲ್ಲಿ ಆ ಜೋಲುಕಿವಿ ನನ್ನ ಕಾಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು. ಅದಕ್ಕೆ ಯಾರೋ ಹೊಡೆಯುತ್ತಾರೆ ಎನ್ನುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಇಷ್ಟರಲ್ಲಿ ಅತ್ತೆಯವರು ಆರು ತಿಂಗಳಿಗೆಂದು ಬಂದರು. ಮಡಿ ಆಚಾರದ ಹೆಂಗಸು. ನಾಯಿ ಎದುರಿಗೆ ಬಂದರೆ ಸೀರೆಯ ನೆರಿಗೆ ಮೇಲೆತ್ತಿ, ನೀರು ನಿಂತ ಬೀದಿ ದಾಟುವವರಂತೆ ದಾಟುತ್ತಿದ್ದರು. ಹೆಸರು ಕೇಳಿ, "ನಾಯಿಗೆ ಹಾಕೋದನ್ನೇ ನಾಯಿಗೆ ಹೆಸರಿಟ್ಟಿದೀರಲ್ಲೇ. ಇನ್ನೊಂದು ಮಗು ಆದ್ರೆ ರಾಗಿ ಸರಿ ಅಂತ ಇಡ್ತೀರಾ?" ಎಂದರು. ಕೋಟು ನೇತುಹಾಕಲೆಂದು ಮೆಟ್ಟಿಲ ಕೆಳಗೆ ಒಂದು ಗೂಡಿನಂಥ ಕೋಣೆ ಇತ್ತು. ಅದನ್ನು ನಾವು ದೇವರ ಮನೆ ಮಾಡಿದ್ದೆವು. ಅತ್ತೆ ಅದರ ಮುಂದೆ ರಂಗೋಲಿ ಹಿಟ್ಟಿನಲ್ಲಿ ಒಂದು ಗೆರೆ ಎಳೆದು, "ಇದನ್ನ ದಾಟಿದ್ರೆ ನಾನು ಮಾರನೇ ದಿನಾನೇ ವಿಮಾನ ಹತ್ತೀನಿ" ಎಂದರು. ನಮಗೆ ಹೇಳಿದರೋ ನಾಯಿಗೆ ಹೇಳಿದರೋ ತಿಳಿಯಲಿಲ್ಲ, ಎಲ್ಲರೂ ಪಾಲಿಸಿದೆವು.

ಬಿಸ್ಕೆಟ್‌ನ ಭದ್ರತೆಗೆ ವಾಷಿಂಗ್ ಮಷಿನ್ ಇರುವ ಕೋಣೆಯನ್ನು ಆರಿಸಿದೆ. ಅಲ್ಲಿ ಹಾಸಿಗೆ, ನೀರು, ಆಟದ ಮೂಳೆ ಎಲ್ಲ ಇಟ್ಟು, ವೃತ್ತಿಧರ್ಮಕ್ಕೆ ತಕ್ಕಂತೆ ಒಂದು ಟೆಸ್ಟ್ ಪ್ಲಾನ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಭಾನುವಾರ ಶ್ರೀಕಂಠ ಮಂಕಿ ಕ್ಯಾಪ್ ಹಾಕಿಕೊಂಡು ಹಿತ್ತಲ ಗಾಜಿನ ಬಾಗಿಲಿನಿಂದ ಕಳ್ಳನಾಗಿ ಬಂದ. ಬಿಸ್ಕೆಟ್ ಓಡಿಹೋಗಿ ತನ್ನ ಚೆಂಡನ್ನು ಬಾಯಲ್ಲಿ ಕಚ್ಚಿ ತಂದು ಕಳ್ಳನ ಕಾಲ ಬಳಿ ಇಟ್ಟಿತು. ಎಂಟು ಸಲ ಕಳ್ಳ ಬಂದ, ಎಂಟು ಸಲವೂ ಚೆಂಡು ಬಂತು. ಸೋಫಾದ ಮೇಲೆ ಕೂತು ನೆನೆಸಿದ ಅವರೆಕಾಳು ಚಿಲಕಿಸಿ ಸಿಪ್ಪೆ ತೆಗೆಯುತ್ತಿದ್ದ ಅತ್ತೆ ತಣ್ಣಗೆ ಕೇಳಿದರು: "ಕಳ್ಳ ಬಂದ್ರೆ ನಾಯಿ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಯ್ತು. ನಾನೆಲ್ಲಿಗೆ ಹೋಗಬೇಕಮ್ಮ?" ನಾವು ಗಂಡಹೆಂಡಿರು ನಕ್ಕೆವು. ಒಳ್ಳೆಯ ತಮಾಷೆ ಎಂದುಕೊಂಡಿದ್ದೆವು.

ಎರಡು ವಾರ ಕಳೆದು ಒಂದು ಶುಕ್ರವಾರ ನನಗೆ ಹಲ್ಲುನೋವು. ಡಾಕ್ಟರನ್ನು ನೋಡಿಕೊಂಡು, ಅರ್ಧ ಮುಖ ಮರಗಟ್ಟಿಸಿಕೊಂಡು ಮೂರು ಗಂಟೆಗೇ ಮನೆಗೆ ಬಂದೆ. ಗರಾಜಿನಿಂದ ಅಡುಗೆಮನೆಗೆ ಕಾಲಿಟ್ಟರೆ ತಣ್ಣನೆ ಗಾಳಿ. ಹಿತ್ತಲ ಬಾಗಿಲಿನ ಗಾಜು ನುಚ್ಚುನೂರಾಗಿ ನೆಲದ ತುಂಬಾ ಚೆಲ್ಲಿತ್ತು. ಬೀರುವಿನ ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು. ಇಂಥ ಹೊತ್ತಿನಲ್ಲಿ ಒಳಗೆ ಹೋಗಬಾರದು, ಹೊರಗೆ ನಿಂತು ಪೊಲೀಸರನ್ನು ಕರೆಯಬೇಕು ಎಂದು ಕ್ಯಾರಲ್ ನೂರು ಸಲ ಹೇಳಿದ್ದಳು. ನಾನೇ ಅದನ್ನು ಫ್ರಿಜ್ಜಿನ ಮೇಲೆ ಬರೆದೂ ಇದ್ದೆ. ಆದರೂ "ಬಿಸ್ಕೆಟ್! ಬಿಸ್ಕೆಟ್!" ಎಂದು ಕೂಗುತ್ತಾ ಸೀದಾ ಒಳಗೆ ನುಗ್ಗಿದೆ. ಮರಗಟ್ಟಿದ ಬಾಯಿಂದ ಅದು ಏನಾಗಿ ಹೊರಟಿತೋ ದೇವರೇ ಬಲ್ಲ.

ವಾಷಿಂಗ್ ಮಷಿನ್ ಕೋಣೆಯಲ್ಲಿ ಇರಲಿಲ್ಲ. ಮಂಚದ ಕೆಳಗೆ, ಮಹಡಿಯಲ್ಲಿ, ಮೂರೂ ಬಚ್ಚಲಲ್ಲಿ ಇರಲಿಲ್ಲ. ಹಿತ್ತಲ ಬೇಲಿಯ ಗೇಟು ಪೂರ್ತಿ ತೆರೆದಿತ್ತು. ಓಡಿಹೋಗಿದೆ, ಇಲ್ಲವೇ ಹೊಡೆದುಹಾಕಿದ್ದಾರೆ. ಇನ್ನು ಅರ್ಧ ಗಂಟೆಗೆ ಸ್ಕೂಲ್ ಬಸ್ಸಿನಿಂದ ಇಳಿಯುವ ಮಗುವಿಗೆ ಏನೆಂದು ಹೇಳಲಿ? ಪೊಲೀಸರಿಗೆ ಫೋನ್ ಮಾಡಿ, ಆಮೇಲೆ ಗಂಡನಿಗೆ ಮಾಡಿದೆ. ವಿಷಯ ಕೇಳಿದವನೇ ಅವನು "ಬಿಸ್ಕೆಟ್ ಎಲ್ಲಿ?" ಎಂದ. "ಕಾಣಿಸ್ತಿಲ್ಲ ಕಣ್ರೀ" ಎಂದು ಅಳತೊಡಗಿದೆ. "ಅಳಬೇಡ, ಹೊರಟೆ" ಎಂದು ಅವನೂ ಅಳುದನಿಯಲ್ಲೇ ಹೇಳಿ ಫೋನ್ ಇಟ್ಟ. ನಾನು ಮೆಟ್ಟಿಲ ಮೇಲೆ ಕೂತು ನಾಯಿಯ ಹೆಸರು ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಪೊಲೀಸಿನವನು ಬಂದ. ಆರಡಿ ಆಳು, ಮೆದು ಮಾತು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಒಂದೊಂದೇ ಕೋಣೆ ನೋಡುತ್ತಾ ಬರುವಾಗ ಮೆಟ್ಟಿಲ ಕೆಳಗಿನ ಗೂಡಿನಿಂದ ಟಿಣ್ ಎಂದು ಗಂಟೆಯ ಸದ್ದಾಯಿತು. ಅವನು ಅಲ್ಲೇ ನಿಂತು, ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟು, ಒಳಗೆ ಯಾರಿದ್ದಾರೆ ಎಂದು ಪಿಸುದನಿಯಲ್ಲಿ ಕೇಳಿದ. "ದೇವರು" ಎಂದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, ಎಷ್ಟು ಜನ ಎಂದು ಕೇಳಿದ. ಗಾಬರಿಯಲ್ಲಿ ಮನುಷ್ಯರು ನಿಜವನ್ನೇ ಹೇಳುತ್ತಾರೆ. ನಾನು ಮನಸ್ಸಿನಲ್ಲೇ ಎಣಿಸಿ, "ಸಣ್ಣ ಗಣಪತೀನೂ ಸೇರಿಸಿದ್ರೆ ಹನ್ನೆರಡು" ಎಂದೆ. ಅವನು ಹೆಗಲ ಮೇಲಿನ ರೇಡಿಯೋದಲ್ಲಿ ಇನ್ನಷ್ಟು ಜನರನ್ನು ಕಳಿಸಿ ಎಂದ.

ಆಗ ಬಾಗಿಲು ತಾನಾಗಿ ತೆರೆಯಿತು. ಮಣೆಯ ಮೇಲೆ ಅತ್ತೆ ಕೂತಿದ್ದರು. ಅವರ ಮಡಿಲಲ್ಲಿ ಬಿಸ್ಕೆಟ್. ಅದರ ಮೂತಿಯನ್ನು ಸೆರಗಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದಿದ್ದರು. ಅದರ ಬಾಲ ಗಂಟೆಗೆ ಬಡಿಯುತ್ತಿತ್ತು. ಇಬ್ಬರ ತಲೆಯ ಮೇಲೂ ಕೆಂಪು. ಪೊಲೀಸಿನವನು ರಕ್ತ ಎಂದುಕೊಂಡು ಆಂಬುಲೆನ್ಸ್ ಎಂದು ಕೂಗಿದ. "ಕುಂಕುಮ ಕಣಪ್ಪ, ಭರಣಿ ಬಿತ್ತು" ಎಂದು ಅತ್ತೆ ಅವನಿಗೆ ಅಚ್ಚಗನ್ನಡದಲ್ಲಿ ಸಮಾಧಾನ ಹೇಳಿ, ಸೆರಗು ಸಡಿಲಿಸಿ, "ಹೋಗೋ, ನಿನ್ನನ್ನೇ ಹುಡುಕ್ತಿದಾಳೆ" ಎಂದು ನಾಯಿಯನ್ನು ನನ್ನ ಕಡೆ ಬಿಟ್ಟರು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಪ್ರತಿ ಶುಕ್ರವಾರ ಬೆಲ್‌ವ್ಯೂನ ಒಬ್ಬರ ಮನೆಯಲ್ಲಿ ನಡೆಯುವ ಲಲಿತಾ ಸಹಸ್ರನಾಮಕ್ಕೆ ಅತ್ತೆ ಹೋಗುತ್ತಿದ್ದರು. "ನೀವು ಪಾರಾಯಣಕ್ಕೆ ಹೋಗಿರ್ತೀರ ಅಂದ್ಕೊಂಡಿದ್ದೆ ಅತ್ತೆ" ಎಂದು ತೊದಲಿದೆ.

"ಮಂಡಿ ನೋವು, ಇವತ್ತು ಹೋಗಲ್ಲ ಅಂತ ಬೆಳಿಗ್ಗೆ ಹೇಳಿದ್ನಲ್ಲಮ್ಮ. ನೀನು ಹೂಂ ಅಂದೆ."

ಅಂದಿರಬೇಕು. ಆಫೀಸಿನ ಬ್ಯಾಡ್ಜು ಹುಡುಕುತ್ತಾ ನಾನು ಯಾವ ಮಾತಿಗೂ ಹೂಂ ಎನ್ನುತ್ತೇನೆ.

ಗಾಜು ಒಡೆದ ಸದ್ದಿಗೆ ಬಿಸ್ಕೆಟ್ ಚೆಂಡು ಕಚ್ಚಿಕೊಂಡು ಓಡಿತಂತೆ. ಕಳ್ಳ ಕಬ್ಬಿಣದ ಸಲಾಕೆ ಎತ್ತಿದ್ದನ್ನು ಅತ್ತೆ ಅಡುಗೆಮನೆಯಿಂದ ನೋಡಿದರಂತೆ. ನಾಲ್ಕು ತಿಂಗಳಿಂದ ಬೆರಳ ತುದಿಯಲ್ಲೂ ಮುಟ್ಟದಿದ್ದ ನಾಯಿಯ ಕೊರಳಪಟ್ಟಿ ಹಿಡಿದು ದರದರ ಎಳೆದುಕೊಂಡು, ರಂಗೋಲಿಯ ಗೆರೆ ದಾಟಿ, ಒಳಗೆ ಸೇರಿ ಬಾಗಿಲು ಹಾಕಿಕೊಂಡರಂತೆ. "ಜೀವ ಇದ್ರೆ ತಾನೇ ಮಡಿ? ಒಣಕೊಬ್ಬರಿ ಕೊಟ್ಟೆ, ಪಾಪ, ಸುಮ್ಮನೆ ತಿಂದ" ಎಂದರು.

"ನಾನು ಅಷ್ಟೊಂದು ಕೂಗಿದ್ನಲ್ಲ ಅತ್ತೆ, ಯಾಕೆ ಹೊರಗೆ ಬರಲಿಲ್ಲ?" ಎಂದು ಕೇಳಿದೆ. ಕೇಳಬಾರದಿತ್ತು.

"ಮೊದಲು ಕಳ್ಳನೇ ಇರಬೇಕು ಅಂದ್ಕೊಂಡೆ. ಆಮೇಲೆ ನಿನ್ನ ಧ್ವನಿ ಗೊತ್ತಾಯ್ತು. ನಾಯೀನ ಕೂಗ್ತಿದ್ದೆ. ಅದು ಮುಗೀಲಿ, ಆಮೇಲೆ ನನ್ನ ಕರೀತಾಳೆ ಅಂತ ಕಾದೆ." ಸೀರೆಗೆ ಅಂಟಿದ್ದ ನಾಯಿಯ ಕೂದಲನ್ನು ಒಂದೊಂದಾಗಿ ತೆಗೆಯುತ್ತಾ ಹೇಳಿದರು. "ಆಮೇಲೆ ಪೊಲೀಸಿನೋನು ಬಂದ."

ನನ್ನ ಮುಖ ಪೂರ್ತಿ ಮರಗಟ್ಟಿತು. ಅಷ್ಟರಲ್ಲಿ ಬಸ್ಸಿನಿಂದ ಇಳಿದ ಅದಿತಿ ಪೊಲೀಸ್ ಕಾರನ್ನು ನೋಡಿ ಓಡಿಬಂದು, "ಅಮ್ಮಾ, ಈಸ್ ಅಜ್ಜಿ ಓಕೆ?" ಎಂದಳು. ಒಂಬತ್ತು ವರ್ಷದ ಮಗುವಿಗೆ ಹೊಳೆದದ್ದು ನನಗೂ ಹೊಳೆಯಲಿಲ್ಲ, ಹೆತ್ತ ಮಗನಿಗೂ ಹೊಳೆಯಲಿಲ್ಲ. ಎವರೆಟ್ಟಿನಿಂದ ಏದುಸಿರು ಬಿಡುತ್ತಾ ಬಂದ ಶ್ರೀಕಂಠನನ್ನು ಬಾಗಿಲಲ್ಲೇ ತಡೆದು, "ಒಳಗೆ ಹೋದ ತಕ್ಷಣ 'ಅಮ್ಮಾ' ಅನ್ನಿ, ಬೇರೇನೂ ಅನ್ನಬೇಡಿ" ಎಂದು ಹೇಳಿಕೊಟ್ಟೆ. ಗಂಡನನ್ನಾದರೂ ಉಳಿಸಿಕೊಳ್ಳೋಣ ಎಂದು.

ಕಳ್ಳ ಒಯ್ದದ್ದು ಒಂದು ಲ್ಯಾಪ್‌ಟಾಪು, ವಿಡಿಯೋ ಕ್ಯಾಮರಾ, ಮತ್ತೆ ಅದಿತಿಯ ಭರತನಾಟ್ಯದ ಗಿಲೀಟು ಒಡವೆಗಳ ಡಬ್ಬಿ. ಅದರ ಬಗ್ಗೆ ಯಾರಿಗೂ ಅಂಥ ಚಿಂತೆಯಾಗಲಿಲ್ಲ. ನನ್ನ ಚಿಂತೆಯೇ ಬೇರೆ. ಅತ್ತೆ ತಲೆಗೆ ಸ್ನಾನ ಮಾಡಿ, ಹನ್ನೆರಡು ದೇವರಿಗೂ ಸ್ನಾನ ಮಾಡಿಸಿ, ಕಾಲಿಂಗ್ ಕಾರ್ಡು ತೆಗೆದುಕೊಂಡು ಮೈಸೂರಿನ ತಂಗಿಗೆ ಫೋನ್ ಹಚ್ಚಿದರು. ನಾನು ಒಗ್ಗರಣೆ ಸೌಟು ಹಿಡಿದು, ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ. ಇನ್ನು ಮೈಸೂರಿನಲ್ಲಿ ನಾನು ತಲೆಯೆತ್ತಿ ತಿರುಗುವ ಹಾಗಿಲ್ಲ ಎಂದುಕೊಂಡೆ. ಅತ್ತೆ ಹೇಳುತ್ತಿದ್ದರು: "ಪಾಪ, ನಮ್ಮ ಹುಡುಗಿ ಬಾಗಿಲಿಂದಾನೇ 'ಅತ್ತೇ, ಅತ್ತೇ' ಅಂತ ಅಳ್ತಾ ಓಡಿಬಂದ್ಲು ಕಣೇ. ಆ ಅಳು ನೋಡಕ್ಕಾಗ್ತಿರ್ಲಿಲ್ಲ."

ಸಾಸಿವೆ ಸೀದುಹೋಯಿತು. ಅಮ್ಮ ಮರೆತಿದ್ದಾಳೆ ಬಿಡು ಎಂದ ಶ್ರೀಕಂಠ. ನಮ್ಮ ಮದುವೆಯಲ್ಲಿ ಯಾರ ಉಡುಗೊರೆಯ ರವಿಕೆ ಬಟ್ಟೆಗೆ ತೂತಿತ್ತು ಎಂಬುದನ್ನು ಇಂದಿಗೂ ಹೇಳಬಲ್ಲ ಹೆಂಗಸು ಮಧ್ಯಾಹ್ನ ನಡೆದದ್ದನ್ನು ಸಂಜೆಗೆ ಮರೆಯುತ್ತಾರೆಯೇ? ಹಾಗಾದರೆ ಅದು ಕ್ಷಮೆಯೋ, ಶಿಕ್ಷೆಯೋ? ತಂಗಿಯ ಎದುರು ತಮ್ಮ ಮಾನ ಉಳಿಸಿಕೊಂಡರೋ, ನನ್ನ ಮಾನ ಉಳಿಸಿದರೋ? ಬೈದಿದ್ದರೆ ಒಂದು ದಿನ ಅತ್ತು ಮುಗಿಸುತ್ತಿದ್ದೆ. ಈ ಒಳ್ಳೆಯ ಮಾತನ್ನು ಎಲ್ಲಿಡಬೇಕೋ ತಿಳಿಯದೆ ಇವತ್ತಿಗೂ ಒದ್ದಾಡುತ್ತಿದ್ದೇನೆ.

ಮಾರನೆಯ ವಾರದಿಂದ ಆಫೀಸಿನಿಂದ ಬಂದ ಕೂಡಲೇ ಗರಾಜಿನ ಬಾಗಿಲಲ್ಲೇ ನಿಂತು "ಅತ್ತೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗತೊಡಗಿದೆ. ಅತ್ತೆ ಒಳಗಿನಿಂದ ಊಂ ಎನ್ನುತ್ತಿದ್ದರು, ಅಷ್ಟೆ. ಆದರೆ ಅವರ ಕಾಲ ಬುಡ ಬಿಟ್ಟು ಕದಲದಂತಾಗಿದ್ದ ಬಿಸ್ಕೆಟ್ ಮಾತ್ರ ಆ ಕೂಗಿಗೆ ಬಾಲ ಆಡಿಸುತ್ತಾ ಓಡಿಬಂದು ನನ್ನ ಮೇಲೆ ಎಗರುತ್ತಿತ್ತು. ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಅತ್ತೆ ಮೈಸೂರಿಗೆ ಹೊರಟುಹೋದರು.

ಮೊನ್ನೆ ಕ್ಯಾರಲ್ ಜೊತೆ ಪಾರ್ಕಿಗೆ ಹೋಗಿದ್ದಾಗ ಬಿಸ್ಕೆಟ್ ಹಗ್ಗ ಕಿತ್ತುಕೊಂಡು ಅಳಿಲಿನ ಹಿಂದೆ ಸೀದಾ ರಸ್ತೆಯ ಕಡೆಗೆ ಓಡಿತು. ಎದುರಿಗೆ ಒಂದು ಟ್ರಕ್ಕು ಬರುತ್ತಿತ್ತು. ಕ್ಯಾರಲ್ ಬಿಸ್ಕೆಟ್, ಬಿಸ್ಕೆಟ್ ಎಂದು ಕಿರುಚಿದರೂ ಅದು ತಿರುಗಿ ನೋಡಲಿಲ್ಲ. ನನ್ನ ಬಾಯಿಂದ ತಾನಾಗಿ ಹೊರಟದ್ದು "ಅತ್ತೇ!" ಎಂಬ ಕೂಗು. ಅದು ಗಕ್ಕನೆ ನಿಂತು, ತಿರುಗಿ, ಕಿವಿ ಜೋಲಾಡಿಸುತ್ತಾ ಓಡಿಬಂತು. ಕ್ಯಾರಲ್ ಎದೆ ಹಿಡಿದುಕೊಂಡು, ಎಷ್ಟು ಒಳ್ಳೆಯ ಕಮಾಂಡ್, ಹಾಗೆಂದರೆ ಏನು ಎಂದು ಕೇಳಿದಳು. ಗಂಡನ ತಾಯಿ ಎಂದೆ. ಆಕೆ ನನ್ನನ್ನೊಮ್ಮೆ, ನಾಯಿಯನ್ನೊಮ್ಮೆ ನೋಡಿದಳು.

ಮನೆಗೆ ಬಂದು ನನಗೇ ಒಂದು ಸಮಾಧಾನವಾಯಿತು. ಅಂತೂ ಇಂತೂ, ಜೀವ ಬಾಯಿಗೆ ಬಂದ ಗಳಿಗೆಯಲ್ಲಿ ನನ್ನ ಬಾಯಿಂದ ಮೊದಲು ಬಂದದ್ದು ಅತ್ತೆ ಎಂಬ ಮಾತೇ. ಇದನ್ನು ಮೈಸೂರಿಗೆ ಹೇಳಲೇಬೇಕೆಂದು ಕಾಲಿಂಗ್ ಕಾರ್ಡು ಹಿಡಿದು ಅರ್ಧ ನಂಬರು ಒತ್ತಿದೆ. ಯಾರನ್ನು ಕರೆಯುವುದಕ್ಕೆ ಕೂಗಿದ್ದು ಎಂದು ಅವರು ಕೇಳಿದರೆ ಏನು ಹೇಳಲಿ ಎಂದು ತೋಚದೆ ಫೋನ್ ಇಟ್ಟುಬಿಟ್ಟೆ.