ಮುಗಿಲ್ಕಲ್ಲಿನಲ್ಲಿ ಕಾಣೆಯಾದ ಸಾಹೇಬರು

ಬೆಳ್ತಂಗಡಿ ತಾಲೂಕಿನ ಮುಗಿಲ್ಕಲ್ಲು ರಕ್ಷಿತಾರಣ್ಯವು ಅತ್ಯಂತ ದುರ್ಗಮವೆಂದು ಸರಕಾರವೇ ಒಪ್ಪಿಕೊಂಡಿತ್ತು. ಕಾಡಿಗೆ ರಕ್ಷಣೆ ಸಿಕ್ಕಿದ್ದೇ ಆ ದುರ್ಗಮತೆಯ ಬಲದಿಂದ. ಆದುದರಿಂದ ನಿಯಮ ಹೀಗಿತ್ತು: “ವರ್ಷಕ್ಕೊಮ್ಮೆ ಅಧಿಕಾರಿಯು ಖುದ್ದಾಗಿ ಹೊರಟು, ತಲುಪಲಾಗದೆ ಹಿಂದಿರುಗಿ, ಕಾಡು ದುರ್ಗಮವೆಂದು ದೃಢೀಕರಿಸತಕ್ಕದ್ದು.”

ತಲುಪದಂತೆ ನೋಡಿಕೊಳ್ಳುವ ಹೊಣೆ ಕಾಡಿನ ಬುಡದಲ್ಲಿ ಹೊಟೇಲಿಟ್ಟ ಡೊಂಬಯ್ಯ ಶೆಟ್ಟರದು. ಅದಕ್ಕೆ ಹುಲಿಗಿಲಿ ಯಾಕೆ? ಬಂದವರಿಗೆ ಮೊದಲು ಬೆಲ್ಲ, ನೀರು. ಬೆಲ್ಲ ಬಾಯಿಗಿಟ್ಟವರು ಉಣ್ಣದೆ ಏಳುವ ಕ್ರಮ ನಮ್ಮಲ್ಲಿಲ್ಲ. ಮೂಡುಬಿದಿರೆಯ ಊರಕೋಳಿಯ ಸಾರಿನಲ್ಲಿ ರೊಟ್ಟಿ ನೆನೆಸಿ ಉಂಡ ಮೇಲೆ ಮಲಗದೆ ಇರುವುದು ಮನುಷ್ಯರಿಂದಾಗುವ ಕೆಲಸವಲ್ಲ. ಎಚ್ಚರಾದಾಗ ಬಂಟ್ವಾಳದ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿರುತ್ತಿತ್ತು. “ಚಾರ್ಮಾಡಿಯಿಂದ ಈಚೆ ಇಡೀ ಘಟ್ಟವನ್ನು ಕಾಯುವುದು ನನ್ನ ಕೋಳಿ ಸಾರು,” ಎನ್ನುತ್ತಿದ್ದರು ಶೆಟ್ಟರು. ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ.

೧೯೬೨ರಲ್ಲಿ ಮೈಸೂರು ಕಡೆಯಿಂದ ಹೊಸ ಅಧಿಕಾರಿ ನಂಜೇಗೌಡರು ಬಂದರು. ಶೆಟ್ಟರು ಬೆಲ್ಲದ ತಟ್ಟೆ ಚಾಚಿದರು.

“ಸಿಹಿ ನನಗಾಗೋದಿಲ್ಲ,” ಎಂದರು ಗೌಡರು.

ಶೆಟ್ಟರು ತಟ್ಟೆಯನ್ನು ಇನ್ನಷ್ಟು ಮುಂದೆ ಒಡ್ಡಿದರು. “ಒಂದು ಚೂರು, ಸಾಹೇಬ್ರೆ. ಮರ್ಯಾದೆಗೆ.”

“ಬೇಡ. ಕಾಡೆಲ್ಲಿ?”

“ಕಾಡು ಎಲ್ಲಿಗೆ ಹೋಗ್ತದೆ ಮಾರಾಯ್ರೆ, ಅಲ್ಲೇ ಉಂಟು! ನೀವು ಕೂತ್ಕೊಳ್ಳಿ.”

ಗೌಡರು ಕೂರಲಿಲ್ಲ. ಕೊಡೆ ಬೀಸುತ್ತ ಮುಗಿಲ್ಕಲ್ಲಿನ ನೆತ್ತಿ ಹತ್ತಿ, ಊಟದ ಹೊತ್ತಿಗೆ ಇಳಿದೂ ಬಿಟ್ಟರು. “ಒಳ್ಳೇ ಕಾಲುದಾರಿ ಐತಲ್ರೀ! ಮೇಲೆ ಅವ್ವಮ್ಮ ಅಂತ ಒಬ್ಬರು ಸೀಗೆಕಾಯಿ ಹೆಕ್ಕುತ್ತಿದ್ದರು. ದಿನಾ ಬರ್ತಾರಂತೆ.”

ಶೆಟ್ಟರು ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದರು. ತಲುಪಬಹುದಾದ ಕಾಡು ದುರ್ಗಮವಲ್ಲ, ದುರ್ಗಮವಲ್ಲದ್ದಕ್ಕೆ ರಕ್ಷಣೆಯಿಲ್ಲ, ರಕ್ಷಣೆ ಹೋದರೆ ಪಕ್ಕದ ಅರಣ್ಯ ಕಚೇರಿ ಪುಂಜಾಲಕಟ್ಟೆಗೆ ವರ್ಗ, ಕಚೇರಿ ಹೋದರೆ ಹೊಟೇಲಿಗೆ ಬೀಗ.

“ಏನಾದ್ರೂ ಮಾಡುವ, ಹಸನಬ್ಬರೇ,” ಎಂದು ಅರಣ್ಯ ಕಚೇರಿಯ ಗುಮಾಸ್ತರ ಕೈ ಹಿಡಿದರು.

ಹಸನಬ್ಬರು ಕನ್ನಡಕ ಒರೆಸಿದರು. “ತಲುಪದೆ ಹಿಂದಿರುಗಬೇಕು ಅಂತ ನಿಯಮ. ತಲುಪಿ ಹಿಂದಿರುಗಲು ಅವಕಾಶವೇ ಇಲ್ಲ. ಹಾಗಾಗಿ ಸಾಹೇಬರು ಇನ್ನೂ ಹಿಂದಿರುಗಿಲ್ಲ.”

“ಇಲ್ಲೇ ಇದ್ದೀನಲ್ಲ ನಾನು!” ಎಂದು ಗೌಡರು ಎಗರಿದರು.

“ಅದು ನಿಮ್ಮ ಸ್ವಂತ ಅಭಿಪ್ರಾಯ, ಸಾರ್.”

ಸಂಜೆಗೇ ಪ್ರಕಟಣೆ ಬಿತ್ತು: “ಶ್ರೀ ನಂಜೇಗೌಡರು ದುರ್ಗಮಾರಣ್ಯದಲ್ಲಿ ಕರ್ತವ್ಯನಿರತರಾಗಿ ಕಾಣೆಯಾಗಿರುತ್ತಾರೆ. ಕಂಡವರು ಕಚೇರಿಗೆ ತಿಳಿಸತಕ್ಕದ್ದು. ಕಚೇರಿಯಲ್ಲೇ ಕಂಡರೆ ತಿಳಿಸಬೇಕಾಗಿಲ್ಲ.”

ಕಾಣೆಯಾದವರಿಗೆ ಪೂರ್ತಿ ಸಂಬಳ, ಮೇಲೆ ದುರ್ಗಮ ಭತ್ಯೆ, ವರ್ಗಾವಣೆಯ ಭಯವಿಲ್ಲ ಎಂದು ತಿಳಿದ ಮೇಲೆ ಗೌಡರಿಗೂ ಪ್ರಕಟಣೆಯಲ್ಲಿ ಸತ್ಯಾಂಶ ಕಾಣಿಸಿತು.

ಅವರನ್ನು ಹುಡುಕಲು ದೊಡ್ಡ ತಂಡವೇ ಬಂದು ಶೆಟ್ಟರಲ್ಲಿ ಬಿಡಾರ ಹೂಡಿತು. ಕಾಡಿನ ದಾರಿ ಬಲ್ಲ ಅಧಿಕಾರಿ ಬೇರೆ ಇಲ್ಲದ್ದರಿಂದ ತಂಡದ ಮುಂದಾಳಾಗಿ ನಂಜೇಗೌಡರನ್ನೇ ನೇಮಿಸಲಾಯಿತು. ದಿನಾ ಬೆಳಗ್ಗೆ ಅವರು ಹೊಟೇಲಿನ ಅಂಗಳದಲ್ಲಿ ನಿಂತು, ಕಾಡಿನತ್ತ ಮುಖ ಮಾಡಿ, “ಗೌಡ್ರೇ!” ಎಂದು ಗಂಟಲು ಹರಿಯುವಂತೆ ಕೂಗುವರು. ಉತ್ತರ ಬರುವುದಿಲ್ಲ. ಎಲ್ಲರೂ ತಲೆಯಲ್ಲಾಡಿಸಿ ತಿಂಡಿಗೆ ಕೂರುವರು. ಶೆಟ್ಟರು ಹೊಟೇಲಿಗೆ ಇನ್ನೊಂದು ಚಪ್ಪರ ಹಾಕಿಸಿದರು.

ಮಳೆಗಾಲ ಮುಗಿದ ಮೇಲೆ ಗೌಡರ ಹೆಂಡತಿ ಊರಿಂದ ಬಂದಿಳಿದರು. ಗಂಡನ ಪಕ್ಕದಲ್ಲೇ ಎಲೆಯ ಮುಂದೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದರು: “ಶೆಟ್ರೇ, ನಮ್ಮೆಜಮಾನ್ರ ಸುದ್ದಿ ಏನಾದ್ರೂ ಸಿಕ್ತಾ?”

“ಇಲ್ಲ ಅಮ್ಮ. ಕಾಡು ಅಂಥಾದ್ದು,” ಎಂದರು ಶೆಟ್ಟರು, ಹೆಮ್ಮೆ ತಡೆಯಲಾಗದೆ.

“ಸಿಗ್ತಾರೆ, ಬಿಡು. ಹುಡುಕೋದರಲ್ಲಿ ನಾವೇನೂ ಕಮ್ಮಿ ಮಾಡಿಲ್ಲ,” ಎಂದು ಗೌಡರು ಹೆಂಡತಿಗೆ ಸಮಾಧಾನ ಹೇಳಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.