ಹರಿನಾರಾಯಣರ ಆನೆಕಾಸು

ಎಲ್ಲ ಶುರುವಾದದ್ದು ದಾಮೋದರನ ಬಾಯಿಂದ. ತಿರುವನಂತಪುರದ ಪಟ್ಟಂನ ಸರಕಾರಿ ಕಚೇರಿಯಲ್ಲಿ ಹರಿನಾರಾಯಣರ ಪಕ್ಕದ ಮೇಜು ಅವನದು, ಇಬ್ಬರೂ ಕಾಸರಗೋಡಿನವರು. ತೀರಿಹೋದ ತಾಯಿ ಕೊಟ್ಟಿದ್ದ, ಆನೆಯ ಚಿತ್ರವಿರುವ ಹಳೆಯ ತಾಮ್ರದ ನಾಣ್ಯ ಆನೆಕಾಸನ್ನು ಹರಿನಾರಾಯಣರು ಒಂದು ದಿನ ಹೆಮ್ಮೆಯಿಂದ ತೋರಿಸಿದರೆ, ಅವನು ತಿರುಗಿಸಿ ಮುರುಗಿಸಿ ನೋಡಿ, "ಇದು ಡೂಪ್ಲಿಕೇಟು ಮಾರಾಯ್ರೆ," ಎಂದುಬಿಟ್ಟ. ಅಂದಿನಿಂದ ಇಡೀ ಕಚೇರಿಗೆ ಅವರು 'ಡೂಪ್ಲಿಕೇಟ್ ಸಾರ್' ಆದರು.

ತಮ್ಮನ್ನು ಅಂದಿದ್ದರೆ ನುಂಗಿಕೊಳ್ಳುತ್ತಿದ್ದರು. ಆದರೆ ಕಾಸು ಅಸಲಿ ಎಂದು ಹೇಳಿದ್ದು ಅಮ್ಮ. ಅಮ್ಮ ಸುಳ್ಳು ಹೇಳುವವಳೇ ಅಲ್ಲ. ಅದನ್ನು ಸಾಬೀತು ಮಾಡಿಯೇ ಸಿದ್ಧ ಎಂದು ಹರಿನಾರಾಯಣರು ಟೊಂಕ ಕಟ್ಟಿದರು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ಕೊಚ್ಚಿಯಲ್ಲಿ ಹಳೆಯ ವ್ಯಾಪಾರಿಯೊಬ್ಬರ ನಾಣ್ಯಗಳ ಹರಾಜು. ಹಿಂದಿನ ದಿನ ಯಾರು ಬೇಕಾದರೂ ಹೋಗಿ ಕೈಯಾರೆ ಮುಟ್ಟಿ ನೋಡಬಹುದು. ಅವುಗಳಲ್ಲಿ ಒಂದು ಆನೆಕಾಸೂ ಇತ್ತು. ಪಕ್ಕದಲ್ಲಿಟ್ಟು ಹೋಲಿಸಿದರೆ ಮುಗಿಯಿತಲ್ಲ!

ಹೊರಡುವ ಬೆಳಿಗ್ಗೆ ಹೆಂಡತಿ ಸುಬ್ಬಲಕ್ಷ್ಮಿ ಕಾಸನ್ನು ಹತ್ತಿಯಲ್ಲಿ ಸುತ್ತಿ, ಫಿಲ್ಮ್ ರೋಲಿನ ಹಳೆಯ ಡಬ್ಬಿಯಲ್ಲಿಟ್ಟು ಕೊಟ್ಟಳು. "ದಾರಿಯಲ್ಲಿ ಬಿಚ್ಚಬೇಡಿ ಆಯ್ತಾ, ರೈಲಿನಲ್ಲಿ ಬಿದ್ದರೆ ಸಿಗ್ಲಿಕ್ಕಿಲ್ಲ." ಸ್ಟೇಷನ್ನಿನಲ್ಲಿ ದಾಮೋದರ ಕಾದು ನಿಂತಿದ್ದ. "ನೀವು ಸೋಲುವಾಗ ಸಾಕ್ಷಿಗೆ ಒಬ್ಬ ಬೇಡವಾ?" ಎಂದು ಹಲ್ಲು ಕಿರಿದು ಜೊತೆಗೆ ಹತ್ತಿಯೇಬಿಟ್ಟ.

ಕೊಚ್ಚಿಯ ಸಭಾಂಗಣದ ಬಾಗಿಲಲ್ಲಿ ಕಾವಲಿನವನು ಡಬ್ಬಿ ನೋಡಿ ಏನೆಂದು ಕೇಳಿದ. ಹೊರಗಿನ ನಾಣ್ಯ ಒಳಗೆ ತರಬಾರದೆಂಬ ಬೋರ್ಡು ಎದುರಿಗೇ ಇತ್ತು. ಹರಿನಾರಾಯಣರು ಬೆವರುತ್ತ, "ಫಿಲ್ಮ್," ಎಂದರು.

ಒಳಗೆ ಮಖಮಲ್ಲಿನ ತಟ್ಟೆಯೊಂದಿಗೆ ಕುಳಿತಿದ್ದವರು ಪರೀಕ್ಷಕ ರಾಮದಾಸ. ಅವರು ಹರಾಜಿನ ಆನೆಕಾಸನ್ನು ಪೆಟ್ಟಿಗೆಯಿಂದ ತೆಗೆದು ತಟ್ಟೆಗೆ ಹಾಕಿ, ನೋಡದೆಯೇ ಇನ್ನೊಬ್ಬರತ್ತ ತಿರುಗಿದರು. ಇದೇ ಸಮಯವೆಂದು ಹರಿನಾರಾಯಣರು ಮೇಜಿನ ಕೆಳಗೆ ಡಬ್ಬಿ ಬಿಚ್ಚಿ, ಹತ್ತಿಯ ಉಂಡೆಯನ್ನು ಮೆಲ್ಲನೆ ಮೇಲೆತ್ತಿದರು.

"ಎಲ್ಲಿ, ಎಲ್ಲಿ?" ಎಂದು ದಾಮೋದರ ಬಗ್ಗಿದ. ಅವನ ಮೊಣಕೈ ತಗಲಿ ಕಾಸು ಹತ್ತಿಯಿಂದ ಜಾರಿ ತಟ್ಟೆಗೆ ಬಿತ್ತು. ಎರಡೂ ಕಾಸುಗಳು ಒಂದಕ್ಕೊಂದು ತಾಗಿ, ಗಿರಗಿರನೆ ಸುತ್ತಿ ಮಲಗಿದವು. ಒಂದು ಕರ್ರಗಿತ್ತು, ಇನ್ನೊಂದು ಫಳಫಳ ಹೊಳೆಯುತ್ತಿತ್ತು.

ರಾಮದಾಸ ತಿರುಗಿ ನೋಡಿದವರೇ ಕೂಗಿಕೊಂಡರು. ಕಾವಲಿನವನು ಓಡಿಬಂದ. "ಫಿಲ್ಮ್ ಅಂದಿರಲ್ಲ ಸಾರ್?" ಸುತ್ತ ಜನ ಕೂಡಿದರು. ಯಾವುದು ಯಾರದು ಎಂಬ ಪ್ರಶ್ನೆ ಬಂತು. ಪೆಟ್ಟಿಗೆ ಹಿಂದಿನ ಸಂಜೆಯಷ್ಟೇ ಬಂದದ್ದು, ಒಂದೊಂದಾಗಿ ನೋಡಲು ಪುರುಸೊತ್ತಾಗಿಲ್ಲ ಎಂದು ರಾಮದಾಸ ತಲೆ ಕೆರೆದುಕೊಂಡರು.

"ಕರಿಯದು ನನ್ನದು," ಎಂದರು ಹರಿನಾರಾಯಣರು. "ಸಣ್ಣವನಿರುವಾಗಿಂದ ನೋಡಿದ್ದೇನೆ. ಕತ್ತಲೆಯಲ್ಲಿ ತೋರಿಸಿದರೂ ಹೇಳ್ತೇನೆ."

ರಾಮದಾಸ ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು, ತೂಗಿದರು. ಆಮೇಲೆ ಅವರ ಮುಖ ಸಪ್ಪಗಾಯಿತು. "ಸಾರ್, ಕರಿಯದು ಎರಕ ಹೊಯ್ದ ನಕಲು. ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಕಾಣುತ್ತದೆ. ಹೊಳೆಯುವುದು ಅಸಲಿ. ಯಾರೋ ಬುದ್ಧಿಯಿಲ್ಲದವರು ಅದನ್ನು ತಿಕ್ಕಿ ತೊಳೆದಿದ್ದಾರೆ, ಅಷ್ಟೇ."

"ಎಂಥೆಂಥವರು ಇರ್ತಾರೆ!" ಎಂದರು ಹರಿನಾರಾಯಣರು. ಪಾಪ, ಅಮ್ಮನಿಗೆ ಯಾರೋ ಮೋಸ ಮಾಡಿದ್ದರು.

ದಾಮೋದರ ಕಿವಿಯಲ್ಲಿ ಪಿಸುಗುಟ್ಟಿದ: "ಹೊಳೆಯುವುದೇ ನಿಮ್ಮದು ಅಂತ ಹೇಳಿ ಮಾರಾಯ್ರೆ! ಯಾರಿಗೆ ಗೊತ್ತಾಗ್ತದೆ?"

ರಾಮದಾಸ ಕೂಡ ಮತ್ತೊಮ್ಮೆ ಕೇಳಿದರು. "ಉರಪ್ಪಾಣೋ ಸಾರೇ? ಖಂಡಿತವಾ?"

ಹರಿನಾರಾಯಣರಿಗೆ ಆಸೆಯಾಗದೆ ಇರಲಿಲ್ಲ. ಆದರೂ ಎದೆ ಸೆಟೆಸಿ, "ನಕಲಿಯಾದರೂ ನನ್ನಮ್ಮ ಕೊಟ್ಟದ್ದು. ಇನ್ನೊಬ್ಬರದ್ದು ನನಗೆ ಬೇಡ," ಎಂದು ಕರಿಯ ಕಾಸನ್ನು ಕಿಸೆಗೆ ಹಾಕಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಕಾವಲಿನವನು ಸೆಲ್ಯೂಟ್ ಹೊಡೆದ. ದಾಮೋದರನಂತೂ ರೈಲಿನುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಲೇ ಬಂದ.

ಮನೆಗೆ ಬಂದು ಎಲ್ಲವನ್ನೂ ಹೇಳುವ ಮೊದಲೇ ಸುಬ್ಬಲಕ್ಷ್ಮಿ ಕಾಸನ್ನು ಕೈಗೆತ್ತಿಕೊಂಡು ದೀಪಕ್ಕೆ ಹಿಡಿದಳು.

"ಅಲ್ಲ ಇವರೇ, ಎಂತ ಮಾಡಿದ್ರಿ ಇದಕ್ಕೆ? ದೊಡ್ಡವರ ಎದುರು ನಿಮ್ಮ ಮರ್ಯಾದೆ ಹೋಗಬಾರದು ಅಂತ ನಿನ್ನೆ ಹುಣಸೆಹುಳಿ ಹಾಕಿ ಕೈ ಸೋಲುವಷ್ಟು ಉಜ್ಜಿದ್ದೆ. ಒಂದೇ ದಿನದಲ್ಲಿ ಪುನಃ ಕಪ್ಪಾಯ್ತಾ?"

ಹರಿನಾರಾಯಣರಿಗೆ ತಟ್ಟೆಯಲ್ಲಿ ಬಿಟ್ಟುಬಂದ ಫಳಫಳ ಹೊಳೆಯುವ ಕಾಸು ಕಣ್ಣ ಮುಂದೆ ಬಂತು. ಫೋನು ರಿಂಗಾಯಿತು. ಆ ಕಡೆ ದಾಮೋದರ.

"ನಾಳೆ ಆಫೀಸಿನಲ್ಲಿ ನಿಮ್ಮ ಪ್ರಾಮಾಣಿಕತೆಗೆ ಸನ್ಮಾನ ಉಂಟು ಮಾರಾಯ್ರೆ. ಶಾಲು ಸಹ ಆಯ್ತು. ಆ ಡೂಪ್ಲಿಕೇಟು ಕಾಸು ತರ್ಲಿಕ್ಕೆ ಮಾತ್ರ ಮರೀಬೇಡಿ, ಎಲ್ಲರಿಗೂ ನೋಡಬೇಕಂತೆ!"