ಸುಟ್ಟ ಬದನೆಕಾಯಿ, ಬರಿದಾಗದ ಎಲೆ

ಕೆಂಡದ ಮುಂದೆ ಕೂತ ಹೆಂಗಸಿಗೆ ಏನಾದರೊಂದು ಆಗದೆ ಬಿಡುವುದಿಲ್ಲ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಒಲೆಯ ಹಿಂದೆ ಕಾದು ನಿಂತಿರುತ್ತದೆ. ನನಗೆ ಬರೆದು ರೂಢಿಯಿಲ್ಲ. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಹೆಚ್ಚಾಯಿತು ಅನಿಸಿದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗಿ. ಆದರೆ ಪಂಚಮಿಯ ವಿಷಯ ಬಂದಾಗ ಬಿಡಬೇಡಿ, ಬಿಟ್ಟರೆ ನಾನೇಕೆ ಅಷ್ಟು ಹೆದರಿದೆ ಎಂಬುದು ತಿಳಿಯುವುದಿಲ್ಲ.

ಆಗ ನಮ್ಮ ಕಡೆ ಮದ್ರಾಸಿನ ಆಡಳಿತ. ಯುದ್ಧ ಬೇರೆ ನಡೆದಿತ್ತು. ಕಂಪ್ಲಿಯಲ್ಲಿ ಹುಟ್ಟಿದ ನಾನು ಹೊಸಪೇಟೆಗೆ ಸೊಸೆಯಾಗಿ ಬಂದೆ. ಎರಡು ಊರಿಗೂ ದೂರವೇನಿಲ್ಲ, ಎರಡು ಅಡಿಗೆಮನೆಗೆ ಮಾತ್ರ ಬಹಳ ದೂರ. ನಮ್ಮ ತವರಿನಲ್ಲಿ ಬದನೆಕಾಯಿಯನ್ನು ಹೆಚ್ಚಿ ಎಣ್ಣೆಯಲ್ಲಿ ಬಾಡಿಸುತ್ತಿದ್ದರು. ಅತ್ತೆಯ ಮನೆಯಲ್ಲಿ ಕೆಂಡದಲ್ಲಿ ಸುಡುತ್ತಿದ್ದರು. ಸುಡುವುದೆಂದರೆ ಸುಮ್ಮನೆ ಬೆಂಕಿಗೆ ಹಾಕುವುದಲ್ಲ. ಕಾಯಿಗೆ ಎಣ್ಣೆ ಸವರಿ, ಕೆಂಡದಲ್ಲಿ ಹೂತು, ಸಿಪ್ಪೆ ಕರ್ರಗಾದ ಮೇಲೆ ತೆಗೆದು ಸುಲಿಯಬೇಕು. ಆಮೇಲೆ ಹುರಿದ ಶೇಂಗಾ, ಎಳ್ಳು, ಜೀರಿಗೆ, ಒಣಮೆಣಸಿನಕಾಯಿ ಕುಟ್ಟಿದ ಪುಡಿ ಹಾಕಿ ಹಿಸುಕಬೇಕು. ಹೇಳುವುದಕ್ಕೆ ಇಷ್ಟೇ.

ಈಗ ಪಂಚಮಿ. ಶ್ರಾವಣದ ನಾಗರಪಂಚಮಿಗೆ ಮದುವೆಯಾದ ಹುಡುಗಿಯನ್ನು ಕರೆದೊಯ್ಯಲು ಅಣ್ಣ ಬರುತ್ತಾನೆ. ಅವಳು ತವರಿಗೆ ಹೋಗಿ ಉಂಡಿ ತಿಂದು ಜೋಕಾಲಿ ಆಡುತ್ತಾಳೆ. ಮೊದಲ ಪಂಚಮಿಗೇ ಹೋಗದ ಹುಡುಗಿಯನ್ನು ಕುರಿತು ಕಂಪ್ಲಿಯ ಓಣಿಗಳು ದೀಪಾವಳಿಯವರೆಗೂ ಮಾತಾಡುತ್ತವೆ. ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

"ನೋಡವ್ವ, ನೀ ಏನೂ ಕಲೀದ ಹೋದ್ರ, ಹೊಸಪ್ಯಾಟಿ ಅತ್ತಿ ಏನ್ ಕಲಿಸ್ಯಾಳ ಅಂತ ನಿಮ್ಮವ್ವ ಊರೆಲ್ಲ ಸಾರ್ತಾಳ. ಸುಡೋದು ಕಲಿ. ಮನಿಯವರು ಉಂಡದ್ದು ಲೆಕ್ಕಕ್ಕಿಲ್ಲ, ಅವರು ಹೆಂಗಿದ್ರೂ ಉಣಬೇಕು. ಹೊರಗಿನವ್ರು ಒಬ್ರು ನಿನ್ನ ಕೈ ಅಡಿಗಿ ಉಂಡು, ಎಲಿ ಬರಿದು ಮಾಡಿ ಏಳಬೇಕು. ಆವಾಗ ಪಂಚಮಿಗೆ ಕಳಸ್ತೀನಿ."

"ಹೂಂರಿ ಅತ್ತಿ" ಅಂದೆ. ಬೇರೆ ಏನು ಅನ್ನಲಿ?

ಹೊಗೆ

ಮೊದಲ ದಿನ ಊಟಕ್ಕೆ ಕರೆದದ್ದು ಪಕ್ಕದ ಮನೆಯ ದೊಡ್ಡಮ್ಮನನ್ನು. ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಹುರಿಯಬೇಕು ಎಂದು ಅತ್ತೆ ಹೇಳಲಿಲ್ಲ. ಅದನ್ನೂ ಹೇಳಬೇಕಾದೀತು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಬದನೆಕಾಯಿಯಂತೆಯೇ ಇದೂ ಇರಬೇಕೆಂದು ಒಂದು ಬೊಗಸೆ ಒಣಮೆಣಸಿನಕಾಯಿಯನ್ನು ನೇರವಾಗಿ ಕೆಂಡದ ಮೇಲೆ ಸುರಿದೆ.

ಓಣಿಯೆಲ್ಲ ಕೆಮ್ಮಿತು. ನಾನು ಕಂಬದ ಹಿಂದೆ ಅಡಗಿದೆ.

ದೊಡ್ಡಮ್ಮ ಊಟಕ್ಕೆ ಬಂದರು, ಆದರೆ ಊಟಕ್ಕೆ ಬರುವವರ ಮುಖದಲ್ಲಿ ಬರಲಿಲ್ಲ. ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಮೆಣಸಿನಕಾಯಿ ಸುಡುವುದು ಯಾರದಾದರೂ ಕೆಟ್ಟ ದೃಷ್ಟಿ ತಾಕಿದಾಗ. ಹಿಂದಿನ ದಿನವಷ್ಟೇ ಅವರು ನನ್ನ ಗಲ್ಲ ಹಿಡಿದು ಹೊಗಳಿದ್ದರು.

"ಏನಬೇ, ನಿನ್ನೆ ನಿನ್ನ ಸೊಸಿ ಚಂದದಾಳ ಅಂದೆ. ಅದಕ್ಕ ಇಷ್ಟು ಮೆಣಸಿನಕಾಯಿ ಸುಟ್ಟಿಯೇನ? ನನ್ನ ಕಣ್ಣು ಅಷ್ಟು ಕೆಟ್ಟವ?"

ಅತ್ತೆ ಕೆಮ್ಮುತ್ತಲೇ ಕೈ ಆಡಿಸಿದರು. "ಇಲ್ಲವ್ವ, ನಿನ್ನಾಣಿ ಇಲ್ಲ. ಅಡಿಗಿ ಮಾಡಾಕತ್ತಾಳ."

ದೊಡ್ಡಮ್ಮ ಒಲೆಯನ್ನು ನೋಡಿದರು, ಕಂಬದ ಹಿಂದೆ ನಿಂತ ನನ್ನನ್ನು ನೋಡಿದರು, ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಹಂಗಿದ್ರ ದೃಷ್ಟಿ ಆಗಿದ್ದು ನಿನ್ನ ಒಲಿಗೆ" ಎಂದವರೇ ಹೊರಟುಹೋದರು.

ಗಡಿಗೆ

ಹೊಗೆ ಹೊರಗೆ ಬರದಂತೆ ಅತ್ತೆ ಒಂದು ಉಪಾಯ ಹೇಳಿಕೊಟ್ಟರು. ಮಸಾಲೆ ತುಂಬಿದ ಬದನೆಕಾಯಿಗಳನ್ನು ಮಣ್ಣಿನ ಗಡಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಸುತ್ತ ಹಿಟ್ಟು ಮೆತ್ತಿ ಕೆಂಡದಲ್ಲಿ ಹೂಳುವುದು. ಆವಿ ಹೋಗಲು ಮುಚ್ಚಳದ ನಡುವೆ ಒಂದು ಸಣ್ಣ ತೂತು ಇರುತ್ತದೆ. ನನಗೆ ಆ ತೂತು ಕಂಡಿತು. ಅದರಿಂದ ಹೊಗೆ ಬಂದು ಮತ್ತೆ ಓಣಿ ಕೆಮ್ಮಿದರೆ ಎಂಬ ಹೆದರಿಕೆಯೂ ಬಂತು. ತೂತಿಗೂ ಹಿಟ್ಟು ಮೆತ್ತಿದೆ, ಗಟ್ಟಿಯಾಗಿ.

ಆ ದಿನ ಊಟಕ್ಕೆ ಬಂದವನು ನಮ್ಮನೆಯವರ ಬಾಲ್ಯದ ಗೆಳೆಯ, ಪೊಲೀಸು. ಆಗ ಚಳವಳಿಯ ದಿನಗಳು. ಎಲ್ಲಿ ತಂತಿ ಕತ್ತರಿಸಿದರು, ಎಲ್ಲಿ ಬಾವುಟ ಹಾರಿಸಿದರು ಎಂಬುದೇ ಮಾತು. ಪಡಸಾಲೆಯಲ್ಲಿ ಎಲೆಯ ಮುಂದೆ ಕೂತು ಅವನು ಮೀಸೆ ತಿರುವುತ್ತಿದ್ದ.

"ಬಾಂಬ್ ಗೀಂಬ್ ಅಂತ ಮಂದಿ ಅಂಜತಾರ. ನನ್ನ ಮುಂದ ಒಂದು ಹಚ್ಚಲಿ ನೋಡೋಣ, ಎದಿ ಕೊಟ್ಟು ನಿಂದರ್ತೀನಿ!"

ಅಷ್ಟರಲ್ಲಿ ಗಡಿಗೆ ಸಿಡಿಯಿತು.

ಆ ಸದ್ದನ್ನು ಹೇಗೆ ಬರೆಯುವುದೋ ನನಗೆ ತಿಳಿಯದು. ತೊಲೆಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅಡಿಗೆಮನೆಯ ಗೋಡೆಗೆ ಬದನೆಕಾಯಿ ಮೆತ್ತಿತು. ನಾನು ನೆಲಕ್ಕೆ ಮುಖವಿಟ್ಟು ಮಲಗಿದೆ. ಧೈರ್ಯ ಮಾಡಿ ಬಾಗಿಲಲ್ಲಿ ಇಣುಕಿದಾಗ ಎಲೆಯ ಮುಂದೆ ಯಾರೂ ಇರಲಿಲ್ಲ. ಪೊಲೀಸಿನ ರುಮಾಲು ಸಾರಿನಲ್ಲಿ ಬಿದ್ದಿತ್ತು. ಅವನು ಹಿತ್ತಿಲ ಗೋಡೆ ಹತ್ತಿ ಕೂತು, ಎರಡೂ ಕೈ ಮೇಲೆತ್ತಿ, ಕಾಣದ ಯಾರಿಗೋ ಕೂಗುತ್ತಿದ್ದ:

"ನಾ ಪೊಲೀಸ್ ಅಲ್ರೀ! ಊಟಕ್ಕ ಬಂದೋನು!"

ಮೌನ

ಗಡಿಗೆ ಹೋಯಿತು. ಇನ್ನು ಬಯಲಿನಲ್ಲೇ ಸುಡುವುದು ಒಳ್ಳೆಯದು ಎಂದು ಅತ್ತೆ ತೀರ್ಮಾನಿಸಿದರು. ಹಂಪಿಗೆ ದರ್ಶನಕ್ಕೆ ಹೋದಾಗ ನದಿಯ ದಂಡೆಯ ಮಂಟಪದಲ್ಲಿ ಮೂರು ಕಲ್ಲು ಹೂಡಿದೆವು. ಅಲ್ಲಿ ಒಬ್ಬರು ಸಾಧುಗಳಿದ್ದರು. ಬಹಳ ವರ್ಷಗಳಿಂದ ಮೌನವ್ರತ, ಒಂದೇ ಒಂದು ಮಾತೂ ಆಡಿದವರಲ್ಲವಂತೆ. ಉಂಡರೆ ಇಂಥವರು ಉಣ್ಣಬೇಕು, ತಪ್ಪಾದರೂ ಬಯ್ಯುವಂತಿಲ್ಲ ಎಂದು ನನಗೆ ಮೊದಲ ಸಲ ಸ್ವಲ್ಪ ಧೈರ್ಯ ಬಂತು.

ಮೆಣಸಿನಕಾಯಿಯ ಬಗ್ಗೆ ಒಂದು ಮಾತು. ಬ್ಯಾಡಗಿ ಮೆಣಸಿನಕಾಯಿ ಕೆಂಪಗಿರುತ್ತದೆ, ಖಾರ ಕಡಿಮೆ. ಗುಂಟೂರಿನದೂ ಕೆಂಪಗೇ ಇರುತ್ತದೆ, ಖಾರ ಮಾತ್ರ ದೇವರೇ ಬಲ್ಲ. ಅತ್ತೆ ಅಳತೆ ಕಲಿಸಿದ್ದು ಬ್ಯಾಡಗಿಗೆ. ಆ ಸಲ ಪುಡಿ ಕುಟ್ಟಿದ್ದು ತೆಲುಗು ಕಡೆಯ ನೆಂಟರು ತಂದ ಗುಂಟೂರಿನದರಲ್ಲಿ. ಅದು ನಮ್ಮಿಬ್ಬರಿಗೂ ಆಮೇಲೆ ತಿಳಿಯಿತು.

ಸಾಧುಗಳು ಒಂದು ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಅತ್ತೆ ಕೈ ಮುಗಿದು ನನಗೆ ಪಿಸುಗುಟ್ಟಿದರು, "ನೋಡಬೇ, ದೇವರ ಧ್ಯಾನ ಬಂದೈತಿ. ಇನ್ನಷ್ಟು ಹಾಕು."

ಹಾಕಿದೆ. ಅವರು ಅಂಗೈ ಎತ್ತಿ ಅಡ್ಡಡ್ಡ ಆಡಿಸಿದರು.

"ಆಶೀರ್ವಾದ ಮಾಡಾಕತ್ತಾರ! ಜಲ್ದಿ ನಮಸ್ಕಾರ ಮಾಡು. ಇನ್ನೊಂದು ಹಾಕು."

ನಮಸ್ಕಾರ ಮಾಡಿ ಇನ್ನೊಂದು ಹಾಕುವಷ್ಟರಲ್ಲಿ ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಎದ್ದು ನಿಂತರು. ಬಾಯಿ ತೆರೆದರು.

"ನೀರು! ಮಜ್ಜಿಗಿ! ಮೊಸರು! ಬೆಲ್ಲ! ಏನಾರ ಕೊಡ್ರೇ ಯವ್ವಾ!"

ಎನ್ನುತ್ತ ನದಿಯ ಕಡೆಗೆ ಓಡಿದರು. ವ್ರತ ಕೆಡಿಸಿದ ಪಾಪ ಏಳು ಜನ್ಮಕ್ಕೂ ಬಿಡದು ಎಂದು ನಾನು ಗಲ್ಲ ಗಲ್ಲ ಬಡಿದುಕೊಂಡೆ. ಅತ್ತೆಯೂ ಬೆವರಿದ್ದರು. ಆದರೂ ಸಾಧುಗಳು ಓಡಿದ ದಿಕ್ಕನ್ನೇ ನೋಡುತ್ತ ಮೆಲ್ಲಗೆ ಅಂದರು:

"ಇಷ್ಟು ವರ್ಷ ಮಾತು ಬಿಟ್ರೂ ಒಂದೂ ಮರೆತಿಲ್ಲ ನೋಡು."

ಮಾವನವರಿಗೆ ಬಡಿಸಿದ್ದು

ಪಂಚಮಿ ಹತ್ತಿರ ಬಂತು. ಮರುದಿನ ಅಣ್ಣ ಬರುವವನು. ಎಲೆ ಬರಿದು ಮಾಡಿದವರು ಇನ್ನೂ ಒಬ್ಬರಿಲ್ಲ. ಆ ದಿನ ನಾವೆಲ್ಲ ದರೋಜಿಯಲ್ಲಿದ್ದೆವು, ನಮ್ಮನೆಯವರ ಅಕ್ಕನ ಹೊಲದಲ್ಲಿ. ಸಂಜೆ ಪಕ್ಕದ ಹೊಲದ ಗೌಡರು ಊಟಕ್ಕೆ ಬರುವರೆಂದೂ, ಇದೇ ಕಡೆಯ ಅವಕಾಶವೆಂದೂ ಅತ್ತೆ ಹೇಳಿದರು. "ಖಾರದ ಸುದ್ದೀನ ಬ್ಯಾಡ. ಗೆಣಸು ಸುಡು. ಬೆಲ್ಲ, ಎಳ್ಳು, ಯಾಲಕ್ಕಿ, ಅಷ್ಟ."

ಹೊತ್ತು ಇಳಿಯುತ್ತಿತ್ತು. ಅತ್ತೆ ಮತ್ತು ನಮ್ಮನೆಯವರ ಅಕ್ಕ ಗುಡಿಸಲ ಹಿಂದೆ ಎಮ್ಮೆ ಹಿಂಡುತ್ತಿದ್ದರು. ನಾನೊಬ್ಬಳೇ ಕೆಂಡದ ಮುಂದೆ.

ಇಲ್ಲಿ ನಮ್ಮ ಮನೆಯ ಪದ್ಧತಿ ಹೇಳದಿದ್ದರೆ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ಸೊಸೆ ಮಾವನ ಮುಖ ನೋಡುವಂತಿಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು, ಮುಖ ಆಚೆ ತಿರುಗಿಸಿ, ಬಡಿಸಿದ ಎಲೆಯನ್ನು ಅವರತ್ತ ಸರಿಸಬೇಕು. ನನಗೆ ಮಾವನವರೆಂದರೆ ಒಂದು ಕರಿ ಕಂಬಳಿಯ ಅಂಚು ಮತ್ತು "ಹ್ಞೂಂ" ಎಂಬ ಸದ್ದು, ಅಷ್ಟೇ. ಅದಕ್ಕಿಂತ ಹೆಚ್ಚು ಮಾತು ಅವರು ನನ್ನೊಡನೆ ಆಡಿದ್ದಿಲ್ಲ.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಕರ್ರಗೆ ಜೋತುಬಿದ್ದ ಅಂಚು ಕಂಡಿತು. ಮಾವನವರು! ತಟ್ಟನೆ ಸೆರಗು ಎಳೆದು, ಗುಡಿಸಲ ಗೋಡೆಯ ಕಡೆಗೆ ತಿರುಗಿ, ಗೆಣಸಿಟ್ಟ ಎಲೆಯನ್ನು ಸರಿಸಿದೆ.

ಚಪ್ಪರಿಸುವ ಸದ್ದು ಕೇಳಿತು. ಇಷ್ಟು ಸಂತೋಷದಿಂದ ನನ್ನ ಅಡಿಗೆಯನ್ನು ಯಾರೂ ಉಂಡಿರಲಿಲ್ಲ.

"ಇನ್ನೊಂದು ಹಾಕ್ಲೇನ್ರಿ ಮಾವಾರ?"

"ಹ್ಞೂಂ."

ಹಾಕಿದೆ. "ಬಿಸಿ ಐತ್ರಿ. ಊದಿ ತಿನ್ರಿ."

ಊದಿದರು. ಒಲೆಯ ಬೂದಿಯೆಲ್ಲ ನನ್ನ ಬೆನ್ನ ಮೇಲೆ ಬಂತು. ಮಾವನವರಿಗೆ ಈ ವಯಸ್ಸಿನಲ್ಲೂ ಎಂಥ ಉಸಿರು ಎಂದುಕೊಂಡು ಮೂರನೆಯದನ್ನೂ ಹಾಕಿದೆ.

ಆಗ ದೂರದ ಬದುವಿನ ಮೇಲಿನಿಂದ ಮಾವನವರ ದನಿ ಕೇಳಿತು. "ಯಾರಲೇ ಅಲ್ಲಿ! ಬರ್ರಲೇ! ಕರಡಿ! ಕರಡಿ!"

ಮಾವನವರು ಅಲ್ಲಿದ್ದರೆ ಇಲ್ಲಿ ಉಣ್ಣುತ್ತಿರುವವರು ಯಾರು? ಮೆಲ್ಲಗೆ ತಿರುಗಿದೆ. ಸಂಡೂರಿನ ಗುಡ್ಡದಿಂದ ಇಳಿದು ಬಂದ ಕರಡಿ ನನ್ನ ಮುಂದೆ ಕೂತು ಎಲೆ ನೆಕ್ಕುತ್ತಿತ್ತು. ನನ್ನ ಕೈ ರೂಢಿಯಂತೆ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆಯಿತು. ಜನ ಡಬ್ಬ ಬಡಿಯುತ್ತ ಓಡಿಬಂದಾಗ ಅದು ಎದ್ದು, ಅವಸರವಿಲ್ಲದೆ ಗುಡ್ಡದ ಕಡೆಗೆ ನಡೆಯಿತು.

ಅತ್ತೆ ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಅವರು ಅತ್ತದ್ದು ನಾನು ಉಳಿದೆನೆಂದು. ನಾನು ಅತ್ತದ್ದು ಗೌಡರಿಗೆ ಒಂದು ಗೆಣಸೂ ಉಳಿದಿಲ್ಲ, ಪಂಚಮಿ ಹೋಯಿತಲ್ಲ ಎಂದು.

ಮಾವನವರು ನೆಲದ ಮೇಲಿನ ಎಲೆಯನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಅಂದು ಮೊದಲ ಸಲ ಅವರು ಇಷ್ಟು ಮಾತಾಡಿದ್ದನ್ನು ಕೇಳಿದೆ.

"ಏನಬೇ, ಹೊರಗಿನವ್ರು ಉಂಡು ಎಲಿ ಬರಿದು ಮಾಡಬೇಕು ಅಂದಿದ್ದಿಯಲ್ಲ? ನೋಡು, ತೊಳೆದಂಗ ಐತಿ. ಕಳಸು ಹುಡುಗೀನ."

"ಅದು ಕರಡಿ ರೀ!"

"ಮನಿಯವರಂತೂ ಅಲ್ಲಲ್ಲ?"

ಮರುದಿನ ನಾನು ಅಣ್ಣನ ಬಂಡಿ ಹತ್ತುವಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು, "ನಿಮ್ಮವ್ವ ಯಾರು ಉಂಡ್ರು ಅಂತ ಕೇಳಿದ್ರ, ದರೋಜಿ ಕಡೆಯವ್ರು ಅನ್ನು. ಮುಂದ ಹೇಳಬ್ಯಾಡ, ನನ್ನಾಣಿ."

ಕಂಪ್ಲಿಯಲ್ಲಿ ಅವ್ವ ಕೇಳಿಯೇ ಕೇಳಿದಳು. ದರೋಜಿ ಕಡೆಯವರು ಒಬ್ಬರು ಬಂದಿದ್ದರು, ಮೂರು ಸಲ ಹಾಕಿಸಿಕೊಂಡು ಉಂಡರು, ಉಪ್ಪು ಕಡಿಮೆ ಖಾರ ಹೆಚ್ಚು ಅಂತ ಒಂದು ಮಾತೂ ಅನ್ನಲಿಲ್ಲ, ತಮ್ಮ ಪಾಡಿಗೆ ಎದ್ದು ಹೋದರು ಅಂದೆ. ಇದರಲ್ಲಿ ಒಂದೂ ಸುಳ್ಳಿಲ್ಲ.

ಅವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಎಂಥ ಸಂಭಾವಿತ ಮಂದಿಯವ್ವ! ಅವರ ಮನ್ಯಾಗ ಲಗ್ನದ ಹುಡುಗ ಯಾರರ ಅದಾನೇನು ಕೇಳು, ನಿನ್ನ ತಂಗಿ ಅದಾಳ."